ಗೊಂಬೆ ಕುದುರೆಯ ಜೀನು

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು, ಗೊಂಬೆ ಕುದುರೆಗೆಂದು ತಾವು ಅರ್ಧ ಹೊಲಿದಿದ್ದ ಹೆಬ್ಬೆರಳಷ್ಟು ಜೀನನ್ನು ಹೆಂಡತಿಗೆ ತೋರಿಸಿದರು.

"ಹೇಗಿದೆ?"

"ರೀ, ಇದು ನನ್ನ ಕೈಚೀಲದ ಚರ್ಮ ಅಲ್ವಾ?"

"ಹಳೇದಾಗಿತ್ತಲ್ಲೇ."

"ನಿಮಗಿಂತ ಹೊಸದಿತ್ತು. ಹೊಲಿಗೆ ನೋಡಿ, ಕುಡಿದವನು ನಡೆದ ಹಾಗಿದೆ. ಕುದುರೆ ನಗುತ್ತೆ."

"ನಗಲಿ ಬಿಡು." ಅವರ ದನಿ ಕುಗ್ಗಿತು. "ಡಾಕ್ಟ್ರು ಇನ್ಮೇಲೆ ಸೂಜಿ ಮುಟ್ಟಬೇಡಿ ಅಂದ್ಬಿಟ್ರೆ?"

"ನಾನು ಹೊಲೀತೀನಿ."

"ನೀನಾ? ನನ್ನ ಅಂಗಿಗೆ ಗುಂಡಿ ಹಾಕು ಅಂದ್ರೆ ತಿಂಗಳುಗಟ್ಟಲೆ ಕಾಯಿಸ್ತೀಯ!"

"ನಿಮ್ಮ ಅಂಗಿಗೇನು ಅವಸರ? ಕುದುರೆ ಪಾಪ, ಬರಿಮೈಯಲ್ಲಿ ನಿಂತಿದೆ. ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ."

"ತಪ್ಪು ಮಾಡಿದ್ರೆ ಬೈಯಬಹುದಾ?"

"ಒಂದೇ ಒಂದು ಸಲ."

ಅಷ್ಟರಲ್ಲಿ ನರ್ಸ್ ಕರೆದಳು. ಹೆಂಡತಿ ಜೀನನ್ನು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡು, ಗಂಡನ ಕೈ ಹಿಡಿದು ಒಳಗೆ ನಡೆದರು.