ಅಮಾವಾಸ್ಯೆಗೊಮ್ಮೆ ನಡುಗುವ ಕಾರು

ನನಗೆ ನೆನಪು ಕೆಟ್ಟಿದೆ ಅಂತ ಯಾರೋ ಆಡಿಕೊಳ್ಳುತ್ತಿದ್ದೀರಿ. ಹೋದ ಸೋಮವಾರ ಮಠದಲ್ಲಿ ಪ್ರಸಾದಕ್ಕೆ ಕೂತಾಗ ನನ್ನ ಕಿವಿಗೇ ಬಿತ್ತು. "ಅಜ್ಜಾರು ಹೋದ ವರ್ಷ ಹೇಳಿದಾಗ ಕಾರು ಬಿಳೇದಿತ್ತು, ಈ ವರ್ಷ ಕರೇದಾಗೇತಿ" ಅಂತ ಒಬ್ಬ ಅಂದ, ಪಕ್ಕದವನು ಪಿಸಕ್ಕನೆ ನಕ್ಕ. ಆಗಲಿ, ಬಣ್ಣ ಮರೆತಿದ್ದೇನೆ. ನೀವೇನು ಆ ಕಾರು ಕೊಳ್ಳುವುದಿದೆಯೇ? ಮುಂಜಾನೆ ಹೆಂಡತಿ ತರಲು ಹೇಳಿದ ಸಾಮಾನು ಸಂಜೆಗೆ ಮರೆಯುವ ಗಂಡಸರು ನೀವು. ನನ್ನ ನೆನಪಿನ ಪರೀಕ್ಷೆ ಮಾಡಲು ಬರುತ್ತೀರಿ! ಆ ಕಾರಿನ ಚಕ್ರಕ್ಕೆ ಏನಾಯಿತು ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. ಫೋನು ಒಳಗಿಟ್ಟು ಕೇಳಿ.

ಒಂದು ಊರು, ಅಲ್ಲೊಬ್ಬ ಸಾವುಕಾರ. ಅವನ ಹೆಸರು ಬೇಡ. ಆ ಜಾಗದಲ್ಲಿ ನಿಮ್ಮಲ್ಲಿ ಯಾರು ಬೇಕಾದರೂ ಕೂರಬಹುದು. ಎಣ್ಣೆ ಗಿರಣಿ ಇತ್ತು, ಎರಡಂತಸ್ತಿನ ಮನೆ ಇತ್ತು. ಇವೆಲ್ಲಕ್ಕಿಂತ ಹೆಚ್ಚಾಗಿ ಅಪ್ಪನ ಕಾಲದ ಒಂದು ವಿಲಾಯತಿ ಕಾರಿತ್ತು. ದುಂಡು ಮೂತಿ, ಕನ್ನಡಿಯಂತೆ ಹೊಳೆಯುವ ಚಕ್ರದ ರಿಮ್ಮು. ಅದು ಬೀದಿಗೆ ಬಂದರೆ ಚಹಾದಂಗಡಿಯಲ್ಲಿ ಕೂತವರು ಎದ್ದು ನಿಲ್ಲುತ್ತಿದ್ದರು. ಅವರು ಎದ್ದದ್ದು ಕಾರಿಗೆ. ಸಾವುಕಾರ ತನಗೇ ಅಂದುಕೊಂಡಿದ್ದ.

ಅವನ ಹೆಂಡತಿ ನೀಲಮ್ಮ. ಮೊಣಕಾಲು ನೋವಿನವಳು, ಬಸ್ಸಿನ ಮೆಟ್ಟಿಲು ಹತ್ತಲಾರಳು. ಅವಳಿಗೆ ಒಬ್ಬಳು ಅಕ್ಕ, ಅರವತ್ತು ಕಿಲೋಮೀಟರ್ ದೂರದ ಊರಲ್ಲಿ. ತಾಯಿ ಸತ್ತ ಮೇಲೆ ನೀಲಮ್ಮನ ತಲೆ ಬಾಚಿ, ಉಣಿಸಿ ದೊಡ್ಡವಳನ್ನಾಗಿ ಮಾಡಿದವಳು ಆ ಅಕ್ಕ. ಒಂದು ದಿನ ಅಕ್ಕನ ಮಗನ ಫೋನು ಬಂತು.

"ಚಿಗವ್ವಾ, ಅವ್ವಗ ಯಾರ ಗುರುತೂ ಹತ್ತವಲ್ದು. ನನಗೂ ಯಾರಪಾ ನೀ ಅಂತಾಳ. ನಿನ್ನ ಹೆಸರು ಮಾತ್ರ ಇನ್ನೂ ಅಂತಾಳ. ಅದು ಮರಿಯೂದ್ರಾಗ ಬಂದು ಹೋಗ ನಮ್ಮವ್ವಾ."

ಮರುದಿನವೇ ಹೊರಟರು. ಊರು ದಾಟಿ, ವೇಗದ ಮುಳ್ಳು ಐವತ್ತು ದಾಟಿದ್ದೇ ತಡ, ಸ್ಟೇರಿಂಗು ಗಡಗಡ ನಡುಗತೊಡಗಿತು. ಬಾಗಿಲು, ಸೀಟು, ನೀಲಮ್ಮನ ಕೈಯ ಬಳೆ, ಎಲ್ಲವೂ ನಡುಗಿದವು. ವೇಗ ಇಳಿಸಿದರೆ ಸುಮ್ಮನಾಗುತ್ತದೆ, ಏರಿಸಿದರೆ ಮತ್ತೆ ನಡುಕ. ಸಾವುಕಾರನಿಗೆ ಏನೂ ತಿಳಿಯಲಿಲ್ಲ. ನಿನ್ನೆ ಅಮಾವಾಸ್ಯೆ. ಮೊದಲ ಸಲ ಆಳಿಗೆ ಬಿಡದೆ ತಾನೇ ಕೈಯಾರೆ ತೊಳೆದಿದ್ದ, ಕಾಯಿ ಒಡೆದಿದ್ದ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಿದ್ದ. ಮೊನ್ನೆ ಗಾಳಿಯ ಹಾಗೆ ಓಡಿದ ಕಾರು ಪೂಜೆಯಾದ ಮರುದಿನವೇ ನಡುಗುವುದೆಂದರೆ?

"ಸಾವಕಾಶ ಹೋಗೂಣಲ್ರೀ" ಅಂದಳು ನೀಲಮ್ಮ.

"ಎಮ್ಮಿ ಹಿಂದ ಹೊಂಟಂಗ ಹೋಗಿ ನಿಮ್ಮ ಮಂದಿ ಮುಂದ ಇಳೀಲೇನು?"

"ಹಂಗಾರ ಬಾಡಿಗಿ ಗಾಡಿ ಮಾಡ್ರಿ."

"ಮನ್ಯಾಗ ಇಂಥ ಕಾರ ಇಟಗೊಂಡು ಬಾಡಿಗಿ ಗಾಡಿ? ಮಂದಿ ಏನಂದಾರು?"

ಕಾರು ಊರಿಗೆ ತಿರುಗಿತು. ನೋಡಿ, ಅರವತ್ತು ಕಿಲೋಮೀಟರ್ ಆಚೆ ಒಬ್ಬಳು ದಿನಕ್ಕೊಂದು ಹೆಸರು ಮರೆಯುತ್ತಿದ್ದಾಳೆ. ಇವನಿಗೆ ಮಂದಿಯ ಚಿಂತೆ. ಯಾವ ಮಂದಿ? ಚಹಾದಂಗಡಿ ಮಂದಿ!

ಊರಲ್ಲಿ ದಾವಲಸಾಬ ಅನ್ನುವ ಮೇಸ್ತ್ರಿ ಇದ್ದ. ಸಾವುಕಾರನ ಅಪ್ಪನ ಕಾಲದಿಂದ ಆ ಕಾರಿಗೆ ಕೈ ಹಚ್ಚಿದವನು. ಅವನು ಜಾಕು ಕೊಟ್ಟು ಚಕ್ರ ಎತ್ತಿದ, ತಿರುಗಿಸಿದ, ನಿಲ್ಲುವ ತನಕ ಕಾದ. ಮತ್ತೆ ತಿರುಗಿಸಿದ. ರಿಮ್ಮಿನ ಅಂಚು ನೋಡಿ ತಲೆ ಕೆರೆದುಕೊಂಡ.

"ಸಾವ್ಕಾರ್ರ, ಇಲ್ಲೆ ನಾ ಏನು ಹಾಕಿದ್ದೆ ಅಂದ್ರ..."

"ಏನು ಹಾಕ್ತೀಯೋ ಹಾಕು ಮಾರಾಯ. ನನಗ ಪಾಠ ಬ್ಯಾಡ, ಕಾರು ಬೇಕು."

ದಾವಲಸಾಬ ಬಾಯಿ ಮುಚ್ಚಿ ಕೆಲಸ ಮಾಡಿದ. ಕಾರು ನೀರಿನಂತೆ ಓಡಿತು. ಸಾವುಕಾರ ಹಿಗ್ಗಿದ. ಆದರೆ ಹೊರಟನೇ? ಇಲ್ಲ. "ಕೆಟ್ಟು ರಿಪೇರಿಯಾದ ಗಾಡಿ. ಅಮಾಸಿ ಪೂಜಿ ಆಗಲಿ, ಮರುದಿನ ಹೋಗೂಣು" ಅಂದ. ಅಮಾವಾಸ್ಯೆ ಬಂತು. ರಿಮ್ಮಿಗೆ ಹುಣಸೆಹುಳಿ ಹಚ್ಚಿ ಉಜ್ಜಿದ, ಪೂಜೆ ಮಾಡಿದ. ಮರುದಿನ ಹೊರಟರು. ಐವತ್ತು ದಾಟಿತು. ಗಡಗಡ!

ಹಿಂದಿನ ಸಲ ನಿಂಬೆಹಣ್ಣು ಒಣಗಿದ್ದವೋ? ಕಾಯಿ ಓರೆಯಾಗಿ ಒಡೆಯಿತೋ? ಚಹಾದಂಗಡಿಯವರ ಕಣ್ಣು ತಾಗಿತೋ? ಪ್ರತಿ ಸಲ ದಾವಲಸಾಬ ಸರಿಮಾಡಿ ಕೊಡುವನು, ಇವನು ಮುಂದಿನ ಅಮಾವಾಸ್ಯೆಗೆ ಕಾಯುವನು. ಮೂರನೆಯ ತಿಂಗಳು ಚಕ್ರಕ್ಕೆ ಎರಡೆರಡು ನಿಂಬೆಹಣ್ಣು ಇಟ್ಟ. ಗಡಗಡ. ಪೂಜೆಗೆ ಹೊಸ ಅಯ್ಯನವರನ್ನು ಕರೆಸಿದ. ಗಡಗಡ. ಪೂಜೆ ಹೆಚ್ಚಾಗಬೇಕೆಂದು ಇನ್ನೂ ಚೆನ್ನಾಗಿ ಉಜ್ಜಿದ. ಇನ್ನೂ ಜೋರು ಗಡಗಡ! ಕೊನೆಗೆ ದಾವಲಸಾಬನ ಶೆಡ್ಡಿಗೆ ಹೋಗಿ, ಗಿರಾಕಿಗಳ ಎದುರಿಗೇ, "ನಿನ್ನ ಕಣ್ಣು ಹೋಗ್ಯಾವ, ಬಿಡು ಈ ಕೆಲಸ" ಅಂದುಬಿಟ್ಟ. ಮುದುಕ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ.

ಸಾವುಕಾರ ದೊಡ್ಡ ಊರಿಗೆ ಹೋದ. ಹೊಸ ಟೈರು ಹಾಕಿಸಿದ. ಅಲ್ಲಿ ಚಕ್ರವನ್ನು ಮಶೀನಿಗೆ ಏರಿಸಿ ತಿರುಗಿಸಿದರು, ಏನೋ ಬಡಿದರು, ಹೋಗಿರಿ ಅಂದರು. ಮನೆಯ ತನಕ ಒಂದಿಷ್ಟೂ ನಡುಕವಿಲ್ಲ. ಹೊಸ ಟೈರಿಗೆ ಪೂಜೆ ಬೇಡವೇ? ಮತ್ತೆ ಅಮಾವಾಸ್ಯೆ. ಮತ್ತೆ ಉಜ್ಜಿದ. ಮತ್ತೆ ಗಡಗಡ. ಅವತ್ತು ಸಾವುಕಾರ ರಸ್ತೆ ಬದಿಗೆ ಕಾರು ನಿಲ್ಲಿಸಿ, ಇಳಿದು, ನಾಲ್ಕು ಚಕ್ರಕ್ಕೂ ಒಂದೊಂದು ಸುತ್ತು ಬಂದ. ಎಲ್ಲವೂ ದುಂಡಗಿವೆ, ಎಲ್ಲವೂ ಹೊಸವು, ಎಲ್ಲವೂ ಹೊಳೆಯುತ್ತಿವೆ. ಇನ್ನೇನು ಬೇಕು ಇದಕ್ಕೆ? ಅವನಿಗೆ ಅಳು ಬಂತು. ಅವನೇನು ಕೆಟ್ಟವನಲ್ಲ ನೋಡಿ. ಹೆಂಡತಿಯನ್ನು ಅಕ್ಕನ ಹತ್ತಿರ ಕರೆದೊಯ್ಯಬೇಕೆಂಬ ಆಸೆ ಅವನಿಗೂ ಇತ್ತು.

ನೀಲಮ್ಮ ಸೀಟಿನಲ್ಲೇ ಕೂತು ಅಂದಳು: "ಪ್ರತಿ ಸಲಾನೂ ಅಮಾಸಿ ಮರುದಿನಾನ ಕೆಡತೈತಲ್ರೀ ಇದು."

"ಅಮಾಸಿಗೆ ಮನಶಾರಿಗೆ ಹುಚ್ಚು ಏರತೈತಿ ಅಂತ ಕೇಳೀನಿ. ಕಾರಿಗೂ ಏರತೈತೇನು? ಸುಮ್ಮ ಕುಂಡ್ರು."

ಅವಳು ಸುಮ್ಮನೆ ಕೂತಳು. ಆದರೆ ಸುಮ್ಮನೆ ಬಿಡಲಿಲ್ಲ. ಸಾವುಕಾರ ಮತ್ತೆ ದೊಡ್ಡ ಊರಿಗೆ ಹೋಗಿ ಚಕ್ರ ಸರಿಮಾಡಿಸಿಕೊಂಡು ಬಂದ. ಏಳನೆಯ ಅಮಾವಾಸ್ಯೆಯ ಹಿಂದಿನ ದಿನ ನೀಲಮ್ಮ ದಾವಲಸಾಬನಿಗೆ ಹೇಳಿ ಕಳಿಸಿದಳು: ನಾಳೆ ಮುಂಜಾನೆ ಮನೆಗೆ ಬಾರಪ್ಪಾ, ಸಾವುಕಾರರು ಕಾರು ತೊಳೆಯುವಾಗ ನಿಂತು ನೋಡು. ಅಷ್ಟು ಅವಮಾನ ಆದವನು ಬಂದನೇ? ಬಂದ. ಅಂಗಳದ ಗೇಟಿನ ಹತ್ತಿರ ನಿಂತ.

ಸಾವುಕಾರ ಪಂಚೆ ಮೇಲೆ ಕಟ್ಟಿ ಮುಂದಿನ ಚಕ್ರದ ಎದುರು ಕುಕ್ಕರಗಾಲಿನಲ್ಲಿ ಕೂತಿದ್ದ. ಮಗ್ಗುಲಿಗೆ ಹುಣಸೆಹುಳಿಯ ಬಟ್ಟಲು. ಕೈಯಲ್ಲಿ ಸ್ಕ್ರೂಡ್ರೈವರು. ರಿಮ್ಮಿನ ಅಂಚಿಗೆ ಕಚ್ಚಿಕೊಂಡ ಬೆರಳುದ್ದದ ಬೂದು ತುಂಡನ್ನು ಮೀಟಿ ಎಬ್ಬಿಸುತ್ತಿದ್ದ. ಟಣ್ ಅಂತ ಅದು ಕಲ್ಲಿನ ಮೇಲೆ ಬಿತ್ತು.

"ಯಾ ಅಲ್ಲಾ! ಸಾವ್ಕಾರ್ರ, ಏನ ಮಾಡಾಕತ್ತೀರಿ?"

"ನೀವು ಮೇಸ್ತ್ರಿಗಳು ಬಿಟ್ಟ ಹೊಲಸು ತಗ್ಯಾಕತ್ತೀನಿ. ಇಂಥ ರಿಮ್ಮಿಗೆ ಯಾವಾಗ ನೋಡಿದರೂ ಇದೊಂದು ಕಪ್ಪು ಚುಕ್ಕಿ!"

"ಪ್ರತಿ ಅಮಾಸಿಗೂ ತಗೀತೀರೇನು?"

"ಪೂಜಿಗೆ ಹೊಲಸು ಇಡ್ತಾರೇನೋ?"

ದಾವಲಸಾಬ ನಕ್ಕನೋ ಅತ್ತನೋ, ಅದು ಮಾತ್ರ ನನಗೆ ನಿಜಕ್ಕೂ ನೆನಪಿಲ್ಲ. ಬಂದು ಪಕ್ಕಕ್ಕೆ ಕೂತ. ಜಾಕು ಹಾಕಿ ಚಕ್ರ ಎತ್ತಿ ತಿರುಗಿಸಿದ. ಚಕ್ರ ಹಿಂದೆ ಮುಂದೆ ಓಲಾಡಿ ನಿಂತಿತು. ಕೆಳಗೆ ಬಂದ ಕಡೆಗೆ ಸುಣ್ಣದ ಗೆರೆ ಎಳೆದ. ಮತ್ತೆ ತಿರುಗಿಸಿದ. ಮತ್ತೆ ಅದೇ ಗೆರೆ ಕೆಳಗೆ.

"ನೋಡ್ರೀ, ಈ ಮಗ್ಗಲು ಭಾರ. ಯಾವ ಟೈರೂ ಸುತ್ತಲೂ ಒಂದ ಸಮ ಇರೂದಿಲ್ಲ, ಹೊಸಾದಾದರೂ ಅಷ್ಟ. ಹಗುರ ಇದ್ದ ಕಡೆ ಇಷ್ಟ ಸೀಸ ಕಚ್ಚಿಸಿದ್ರ ಸಮ ಆಗತೈತಿ. ಇದನ್ನ ಕಿತ್ತು ಒಗದ್ರ, ಜೋರ ಓಡುವಾಗ ಆ ಭಾರ ಸುತ್ತಿಗಿ ಆಗಿ ಬಡಿತೈತಿ. ನಾ ಹಾಕಿದ್ದು ಬಿಗಿ ಆಗಿಲ್ಲ, ದಾರಿಯಾಗ ಬೀಳಾಕತ್ತಾವು ಅಂತ ನಾನು ನನ್ನ ಕೈಗೇ ಬೈಕೊಂಡಿದ್ನಿ."

"ಮದಲ ಯಾಕ ಹೇಳಲಿಲ್ಲ?"

"ನೀವು ಯಾವಾಗ ಕೇಳಿದ್ರಿ?"

ಸಾವುಕಾರ ಕಲ್ಲಿನ ಮೇಲೆ ಬಿದ್ದ ತುಂಡನ್ನು ಎತ್ತಿ ನೋಡಿದ. ಆರು ತಿಂಗಳು! ಕೆಡಿಸುತ್ತಿದ್ದ ಕೈ ಯಾವುದು? ಉಜ್ಜಿ ಉಜ್ಜಿ ಹೊಳೆಯಿಸುತ್ತಿದ್ದ ಅದೇ ಕೈ. ತನ್ನ ಭಕ್ತಿಯೇ ತನಗೆ ಮೋಸಮಾಡಿತೇ? ಭಕ್ತಿಯೋ, ಹೊಳಪಿನ ಹುಚ್ಚೋ? ಅವನ ತಲೆ ಆ ಚಕ್ರದ ಹಾಗೆ ಹಿಂದೆ ಮುಂದೆ ಓಲಾಡಿತು.

ಮೇಸ್ತ್ರಿ ಸೀಸ ಕಚ್ಚಿಸಿ ಎದ್ದ. ಆಗ ಕಾರಿನ ಬಾಗಿಲು ದಡ್ ಅಂತ ಮುಚ್ಚಿತು. ನೀಲಮ್ಮ ಒಳಗೆ ಕೂತಾಗಿತ್ತು.

"ಪೂಜಿ ಆಗಿಲ್ಲಲ್ಲ? ಈ ಚಕ್ರ ಅರ್ಧಾನ ತೊಳದೈತಿ..."

"ಇರಲಿ. ಹೊಂಡ್ರಿ."

ಹೋದರು. ಒಂದು ಚಕ್ರಕ್ಕೆ ಹುಣಸೆಹುಳಿ ಒಣಗಿ ಅಂಟಿತ್ತು. ಐವತ್ತು, ಅರವತ್ತು, ಎಪ್ಪತ್ತು ದಾಟಿದರೂ ಬಳೆ ಸದ್ದು ಮಾಡಲಿಲ್ಲ. ಅಕ್ಕ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನೀಲಮ್ಮ ಅವಳ ಎರಡೂ ಕೈ ಹಿಡಿದಳು. ಅಕ್ಕ ಮುಖ ನೋಡಿದಳು, ತುಂಬ ಹೊತ್ತು ನೋಡಿದಳು, ಮರ್ಯಾದೆಯಿಂದ ನಕ್ಕಳು.

"ಯಾರವ್ವಾ ನೀನು? ಭಾಳ ದೂರದಿಂದ ಬಂದಿಯೇನು?"

"ಹೌದಬೇ" ಅಂದಳು ನೀಲಮ್ಮ. "ಆರು ತಿಂಗಳ ದೂರದಿಂದ ಬಂದೀನಿ."

ಸಾವುಕಾರ ಹೊಸ್ತಿಲ ಹೊರಗೇ ನಿಂತ. ಬೀದಿಯ ಜನ ಕಾರಿನ ಸುತ್ತ ನೆರೆದು, ಏನು ಚಂದ ಐತ್ರೀ ಅನ್ನುತ್ತಿದ್ದರು. ಅವನು ತಿರುಗಿಯೂ ನೋಡಲಿಲ್ಲ.

ಯಾಕೆ ಸುಮ್ಮನಾದಿರಿ? ನಿಮಗೆ ಕಾರಿಲ್ಲ, ಗೊತ್ತು. ನಿಮ್ಮ ಮನೆಯಲ್ಲಿ ಸೀಸದ ತುಂಡು ಇಲ್ಲವೇ? ನೀವು ಜೋರಾಗಿ ಓಡುವಾಗ ಹಿಂದಕ್ಕೆ ಜಗ್ಗುವವಳು, ನಾಲ್ಕು ಜನರ ಎದುರು ಚಂದ ಕಾಣದ ಮಾತಾಡುವ ತಮ್ಮ, ಅದು ಸರಿಯಿಲ್ಲ ಅನ್ನುವ ಹಳೆಯ ಕೆಲಸದವನು. ನೋಡಲು ಬೂದು. ಹೊಳಪಿಗೆ ಅಡ್ಡಿ. ಮೀಟಿ ತೆಗೆಯುತ್ತೀರಿ, ಆಮೇಲೆ ಬಾಳು ಯಾಕೆ ಗಡಗಡ ಅನ್ನುತ್ತದೆ ಅಂತ ನನ್ನ ಹತ್ತಿರ ನಿಂಬೆಹಣ್ಣು ಮಂತ್ರಿಸಿಕೊಳ್ಳಲು ಬರುತ್ತೀರಿ. ನಾನು ಏನು ಮಾಡಲಿ?

ದೊಡ್ಡ ವ್ರತ ಹೇಳುವುದಿಲ್ಲ. ಇವತ್ತಿನಿಂದ ಮನೆಯಲ್ಲಿ ಯಾರಾದರೂ ನಿಮಗೆ ಹಿಡಿಸದ ಮಾತು ಶುರುಮಾಡಿದರೆ, ಅವರು ಮುಗಿಸುವ ತನಕ ಬಾಯಿ ಹಾಕಬೇಡಿ. ಅಷ್ಟೆ. ಇನ್ನೊಂದು. ನೋಡಬೇಕಾದವರು ಯಾರಾದರೂ ಇದ್ದರೆ ನಾಳೆಯೇ ಹೋಗಿ. ಬಸ್ಸಿಗೆ ಹೋಗಿ, ಬಾಡಿಗೆ ಗಾಡಿಗೆ ಹೋಗಿ, ಮಾಸಿದ ಬಟ್ಟೆಯಲ್ಲಾದರೂ ಹೋಗಿ. ಅವರು ನಿಮ್ಮ ಮುಖದ ದಾರಿ ನೋಡುತ್ತಿದ್ದಾರೆ, ಗಾಡಿಯದ್ದಲ್ಲ.

ಈ ಕತೆಯನ್ನು ಇಲ್ಲೇ ಕೊಡವಿ ಎದ್ದು ಹೋಗಬೇಡಿ. ಇವತ್ತು ಊಟಕ್ಕೆ ಕೂತಾಗ, ಇಲ್ಲಿಗೆ ಬರದೆ ಮನೆಯಲ್ಲಿ ರೊಟ್ಟಿ ಬಡಿಯುತ್ತ ಉಳಿದವರಿಗೆ ಹೇಳಿ. ಹೇಳಿ ಮುಗಿದ ಮೇಲೆ ಅವರು ಏನೋ ಅನ್ನುತ್ತಾರೆ. ಅದನ್ನು ಪೂರ್ತಿ ಕೇಳಿ.