ಕಾಲರ್ ಹೊಲಿಯುವವರ ರಜೆ

ಸ್ತನ ತಪಾಸಣೆಯ ಕೋಣೆಯ ಮುಂದೆ ಚೀಟಿ ಕೊಡುವಾಕೆಯ ಕಿವಿಗೆ ಬೀಳದ ಮಾತು ಆ ಆಸ್ಪತ್ರೆಯಲ್ಲಿ ಹುಟ್ಟಿಯೇ ಇಲ್ಲ. ಅಂದು ಬಟ್ಟೆ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹೆಂಗಸರ ಸಾಲು ಎಷ್ಟು ಉದ್ದವಿತ್ತೆಂದರೆ, ಅದರ ಬಾಲ ಮುಂದಿನ ವಾರದಲ್ಲಿತ್ತು. ಮುಂದೆ ನಿಂತ ಇಬ್ಬರು ಮಾತಾಡುತ್ತಿದ್ದರು.

“ಇವತ್ತೇ ಮಾಲು ಹೋಗ್ಬೇಕು ಕಣೆ. ಒಂದು ಅಂಗಿಗೂ ಕಾಲರ್ ಇಲ್ಲ.”

“ಸೂಪರ್‌ವೈಸರೇ ಕೂತು ಹೊಲೀಲಿ ಬಿಡಕ್ಕ. ಎದೇಲಿ ಗಂಟಿದೆ, ಒಂದು ದಿನ ರಜೆ ಕೊಡಿ ಅಂತ ನಮ್ಮ ಜೊತೆ ಹೊಲೀತಿದ್ದ ಗುಂಡಕ್ಕ ಕೇಳಿದ್ರೆ, ನೋವಿಲ್ವಲ್ಲ, ನಾಟಕ ಯಾಕೆ ಅಂದ್ನಲ್ಲ.”

“ನೋವಿಲ್ಲದ ಗಂಟನ್ನೂ ಬೇಗ ತೋರಿಸ್ಬೇಕಿತ್ತು ಅಂತ ಡಾಕ್ಟ್ರು ಹೇಳೋ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ಆಮೇಲೆ ಅವಳೇ ತೀರಿಹೋದ್ಳು.”

“ಅದಕ್ಕೇ ನಲವತ್ತು ಜನಾನೂ ಒಂದೇ ದಿನ ಬಂದಿರೋದು. ಉರೀಲಿ ಅವನ ಹೊಟ್ಟೆ.”

“ಕೊನೇಲಿ ನಿಂತಿರೋದು ಯಾರು ನೋಡು. ಅವನ ಹೆಂಡ್ತಿ.”

“ನಮ್ಮನ್ನ ಎಣಿಸೋಕೆ ಕಳಿಸಿದ್ನಾ?”

“ಇಲ್ವೇ. ಮೊಲೆತೊಟ್ಟು ಒಳಕ್ಕೆ ಎಳ್ಕೊಂಡಿದೆಯಂತೆ. ಗಂಡನಿಗೆ ಹೇಳೋಕೆ ಹೆದರಿಕೆಯಂತೆ.”

ಚಿಕ್ಕವಳು ಸೊಂಟಕ್ಕೆ ಸಿಕ್ಕಿಸಿದ್ದ ತನ್ನ ಚೀಟಿ ತೆಗೆದಳು.

“ನನ್ನ ಚೀಟಿ ಅವರಿಗೆ ಕೊಡೋಣ. ಅವರು ಒಳಗೆ ಹೋದ್ಮೇಲೆ ಅವನಿಗೆ ನಾನೇ ಫೋನ್ ಮಾಡ್ತೀನಿ. ಹೆಂಡ್ತಿ ಪಕ್ಕ ಕೂರ್ಬೇಕಂದ್ರೆ ರಜೆ ಅರ್ಜಿ ನನ್ನ ಕೈಗೆ ಕೊಡ್ಲಿ.”

ಇಬ್ಬರೂ ಸಾಲು ಬಿಟ್ಟು ಕೊನೆಯಲ್ಲಿ ನಿಂತವಳತ್ತ ನಡೆದರು.