ಸತುವಿನ ಬಾತುಕೋಳಿ

...ಅದನ್ನೇ ಹೇಳ್ತಿದ್ದೆ ಹುಲ್ಡಾ, ಆ ನಗರಸಭೆ ಗುಮಾಸ್ತ ಕ್ರೌಟ್ಸರ್ ಅಂದಿದ್ದನ್ನ. ಸಹಿ ಬದಲು ಮೂರು ಶಿಲುಬೆ ಗೀಚೋ ಹೆಂಗಸು ಲಾಂಡ್ರಿ ನಡೆಸ್ತಾಳಂತೆ ಅಂತ ನನ್ನನ್ನ ಆಡ್ಕೊಂಡ. ನೀನೂ ನಕ್ಕಿದ್ದೆ. ಒಡಹುಟ್ಟಿದ ತಂಗಿ, ನೀನೂ.

ಕೂತ್ಕೋ. ಬೇಡ್ವಾ? ನಿಂತಿರು.

ನಂಗೆ ಯಾರೇ ಓದೋದು ಕಲಿಸಿದ್ರು? ಯುದ್ಧದಲ್ಲಿ ಸತ್ತವರ ಪಟ್ಟಿ ಗೋಡೆಗೆ ಅಂಟಿಸ್ತಿದ್ರಲ್ಲ, ಗಂಡನ ಹೆಸರು ಹುಡುಕ್ತಾ ಹುಡುಕ್ತಾ ಕಲಿತೆ. ಹೆಸರು ಸಿಗೋ ಹೊತ್ತಿಗೆ ಪೂರ್ತಿ ಓದೋಕೆ ಬರ್ತಿತ್ತು. ನೀವೆಲ್ಲ ಏನು ಮಾಡಿದ್ರಿ? ಪಕ್ಕದವರ ಬಾಯಿ ನೋಡ್ಕೊಂಡು ನಿಂತ್ರಿ.

ಏನದು, ಮಡಿಲಿಂದ ಸುರೀತಿರೋದು? ಓ... ಸಂಬಳ. ಖಜಾನೆ ಕಿಟಕಿಯವನು ಮುಟ್ಟಲಿಲ್ವಾ? ಯಾಕೆ ಮುಟ್ತಾನೆ? ಇದೊಂದು ದುಡ್ಡೇನೇ? ತಾಮ್ರ, ನಿಕಲ್ ಎಲ್ಲ ಫಿರಂಗಿಗೆ ಹೋಯ್ತು ಅಂತ ನಗರಸಭೆಯವರು ಒತ್ತಿಸಿದ ಸತುವಿನ ಬಿಲ್ಲೆ. ಮೇಲೊಂದು ಊರಿನ ಲಾಂಛನದ ಬಾತುಕೋಳಿ. ಸೇತುವೆ ದಾಟಿದ್ರೆ ನಾಯೀನೂ ಮೂಸಲ್ಲ. ಇದನ್ನ ನಂಬಿ ಚಳಿಗಾಲದ ಕಲ್ಲಿದ್ದಲು ಕೊಳ್ಳೋಕೆ ಹೊರಟಿದ್ಲು ಮಹಾರಾಯ್ತಿ.

ನಂಗೆ ಹೇಗೆ ಗೊತ್ತಿರುತ್ತೆ? ಬಿಲ್ಲೆ ಕೊಟ್ಟು ಅಸಲಿ ದುಡ್ಡು ಪಡೆಯೋ ಗಡುವು ಶನಿವಾರ ಮಧ್ಯಾಹ್ನಕ್ಕೆ ಮುಗೀತು, ಸಂಜೆ ನಾನು ಕೊಟ್ಟೆ... ಗಿರಾಕಿಗಳು ತಂದು ಸುರಿದದ್ದನ್ನೇ ಕೊಟ್ಟೆ. ಮೂರು ತಿಂಗಳ ಬಾಕಿ ಒಂದೇ ಸಲ ತೀರಿಸಿದಾಗ ದೇವತೆ ಅಂದ್ರಲ್ಲೇ ಕೆಲಸದ ಆರೂ ಜನ?

ಉರುಳೆ ಯಂತ್ರಾನಾ? ಹೌದು, ಅದೇ ಶನಿವಾರ ಕೊಂಡೆ. ಅಸಲಿ ದುಡ್ಡು ಕೊಟ್ಟು. ಹೋಟೆಲಿನವರ ಹಾಸಿಗೆ ಬಟ್ಟೆ ಕೈಯಲ್ಲಿ ಒತ್ತೋಕಾಗುತ್ತಾ? ಹಾಗೆ ನೋಡ್ಬೇಡ.

ಸಾಬೂನಿನ ಡ್ರಾಯರ್ ಯಾಕೆ ಎಳೀತಿದ್ದೀಯ? ತಳಕ್ಕೆ ಹಾಸಿರೋದು ರದ್ದಿ ಕಾಗದ, ಬಿಡು. ಒಂದಕ್ಷರ ಬಾರದವಳು, ನೀನೇನು ಓದ್ತೀಯ ಅದರಲ್ಲಿ?

...ಬೆರಳು ಎಲ್ಲಿಟ್ಟೆ?

ಹೂಂ. ಬಾತುಕೋಳಿ. ಕಾಗದದ ನೆತ್ತಿ ಮೇಲೂ ಅದೇ ಬಾತುಕೋಳಿ. ಅದಕ್ಕೆ ಅಕ್ಷರ ಬೇಕಿಲ್ಲ, ಅಲ್ವಾ.

ನಮ್ಮ ಓಣಿ ಗೋಡೆಯದ್ದೇ. ಗಡುವಿನ ನೋಟೀಸು. ಗುರುವಾರ ನಾನೇ ಕಿತ್ತೆ. ಕಾಗದ ಚೆನ್ನಾಗಿತ್ತು, ಬಿಸಾಕೋಕೆ ಮನಸ್ಸಾಗಲಿಲ್ಲ.

ಬೈಯೇ, ಹುಲ್ಡಾ.

ಹೋಗ್ತೀಯಾ? ಹೋಗು. ಉಳಿದ ಐವರಿಗೂ ಹೇಳು, ಯಾರೂ ಬರೋದು ಬೇಡ. ಬಾಗಿಲ ಮೇಲೆ ಮಿನ್ನಾ ಟ್ರೌಟ್ನರ್ ಅಂತಿದೆ, ನನ್ನ ಕೈಯಾರೆ ಬರೆದದ್ದು. ಎರಡು ಹಂಡೆ, ಆರು ತೊಟ್ಟಿ, ಈ ಯಂತ್ರ, ಎಲ್ಲ ನಂದು.

ಯಂತ್ರಕ್ಕೆ ಇಬ್ಬರು ಬೇಕು. ಒಬ್ಬಳು ತಿರುಗಿಸಬೇಕು, ಒಬ್ಬಳು ಬಟ್ಟೆ ಹಿಡೀಬೇಕು.